ಉಪ್ಪಿನಕಾಯಿಯ ಆಚೆಗೂ ಒಬ್ಬ ಲೋಕನಾಥ್

(ಚಿಕ್ಕಮಗಳೂರಿನಲ್ಲಿ ನಾಟಕ ಮಾಡುವ ಗೆಳೆಯರು ಸೇರಿದ್ದ ಒಂದು ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸರಿಮಾಡಿದ್ದೇನೆ. ಮಾತಿನ ಧಾಟಿ ಮಾತ್ರ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಲೋಕನಾಥ್ ಅವರ ಬಗ್ಗೆ ಮಾತಾಡ್ತೀನಿ ಅಂದ ಕೂಡಲೇ ಹಿಂದಿನ ಸಾಲಿನವರು ನಕ್ಕಿರಿ. ಬೇಜಾರಿಲ್ಲ. ನಿಮ್ಮ ಕಣ್ಣ ಮುಂದೆ ಜಾಡಿ ಬಂತು, ಬಾಯಲ್ಲಿ ನೀರೂ ಬಂತು. ಕರ್ನಾಟಕದಲ್ಲಿ ಉಪ್ಪಿನಕಾಯಿ ಲೋಕನಾಥ್ ಅಂದರೆ ಗೊತ್ತಾಗದವರು ಕಡಿಮೆ. ಬರೀ ಸಿ.ಎಚ್. ಲೋಕನಾಥ್ ಅಂದರೆ 'ಯಾರು ಸಾರ್ ಅವರು?' ಅಂತ ಕೇಳುವವರೇ ಜಾಸ್ತಿ. ಸಿನಿಮಾದವರಿಗೆ ಅವರು ಅಂಕಲ್ ಲೋಕನಾಥ್. 2018ರ ಡಿಸೆಂಬರ್ 31ರಂದು ತೀರಿಕೊಂಡರು. ತೊಂಬತ್ತರ ಆಸುಪಾಸಿನ ವಯಸ್ಸು. ಆರುನೂರಕ್ಕೂ ಹೆಚ್ಚು ಸಿನಿಮಾ, ಸಾವಿರಕ್ಕೂ ಹೆಚ್ಚು ನಾಟಕ ಪ್ರದರ್ಶನ ಅಂತ ಪತ್ರಿಕೆಗಳು ಬರೆದವು. ತಲೆಬರಹದಲ್ಲಿ ಮಾತ್ರ ಅಲ್ಲೂ ಉಪ್ಪಿನಕಾಯಿಯೇ.

ನಾನು ಇವತ್ತು ಆರುನೂರು ಚಿತ್ರಗಳ ಪಟ್ಟಿ ಓದೋದಿಲ್ಲ. ಅದು ಸನ್ಮಾನ ಪತ್ರದ ಕೆಲಸ. ನಾಲ್ಕೇ ಪಾತ್ರ ತಗೊಂಡು, ಈ ಮನುಷ್ಯ ಏನು ಮಾಡುತ್ತಿದ್ದರು, ಹೇಗೆ ಮಾಡುತ್ತಿದ್ದರು ಅಂತ ನೋಡೋಣ. ಆ ನಾಲ್ಕರಲ್ಲಿ ಎರಡು ನಮ್ಮ ಜಿಲ್ಲೆಯ ಮಣ್ಣಿನಲ್ಲೇ ಚಿತ್ರೀಕರಣ ಆದವು. ಹಾಗಾಗಿ ನಮಗೆ ಸ್ವಲ್ಪ ಹಕ್ಕೂ ಇದೆ ಅಂತ ಇಟ್ಟುಕೊಳ್ಳಿ.

ಮೊದಲು ಆ ಜಾಡಿಯ ವಿಷಯ ಮುಗಿಸಿಬಿಡೋಣ. ಇಲ್ಲದಿದ್ದರೆ ನೀವು ಅದಕ್ಕೇ ಕಾಯುತ್ತಾ ಕೂತಿರುತ್ತೀರಿ.

'ಭೂತಯ್ಯನ ಮಗ ಅಯ್ಯು' ಬಂದದ್ದು 1974ರಲ್ಲಿ. ಕಥೆ ಪಕ್ಕದ ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರದ್ದು. ನಿರ್ದೇಶನ ಸಿದ್ದಲಿಂಗಯ್ಯನವರದ್ದು. ಚಿತ್ರೀಕರಣ ನಮ್ಮ ಕಳಸಾಪುರದಲ್ಲಿ. ಹೊರಗಿನವರು ಯಾವಾಗಲೂ ಗೊಂದಲ ಮಾಡಿಕೊಳ್ಳುತ್ತಾರೆ, ಹೊರನಾಡಿನ ಹತ್ತಿರದ ಕಳಸ ಅಂದುಕೊಳ್ಳುತ್ತಾರೆ. ಕಳಸ ಬೇರೆ, ಕಳಸಾಪುರ ಬೇರೆ. ಅದು ಕಾಫಿ ತೋಟ, ಇದು ಬಯಲುಸೀಮೆ. ಈ ಕಥೆಗೆ ಬಯಲುಸೀಮೆಯೇ ಬೇಕಿತ್ತು. ಒತ್ತೊತ್ತಾಗಿ ಮನೆಗಳು ಇರಬೇಕು. ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರ ಮೂಗಿಗೆ ಹೊಡೆಯಬೇಕು. ಮಲೆನಾಡಿನ ಒಂಟಿ ಮನೆಗಳಲ್ಲಿ ಆ ಹೊಟ್ಟೆಕಿಚ್ಚು, ಆ ಜಿದ್ದು ಹೀಗೆ ಕುದಿಯುವುದಿಲ್ಲ. ಅಲ್ಲಿನ ಜಗಳದ ದಾರಿಯೇ ಬೇರೆ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಎಂ.ಪಿ. ಶಂಕರ್ ಅವರ ಭೂತಯ್ಯ ಬಡ್ಡಿ ಸಾಹುಕಾರ, ಪರಮ ಜಿಪುಣ. ಮಗ ಅಯ್ಯು ಆಗಿ ಲೋಕೇಶ್. ಎದುರಾಳಿ ಗುಳ್ಳನಾಗಿ ವಿಷ್ಣುವರ್ಧನ್. ಊರಿಗೆ ಈ ಮನೆಯ ಮೇಲೆ ಎರಡು ತಲೆಮಾರಿನ ಸಿಟ್ಟು. ಕಡೆಗೆ ಒಂದು ದಿನ ಜನ ಆ ಮನೆಗೆ ನುಗ್ಗುತ್ತಾರೆ. ದೊಂಬಿ, ಲೂಟಿ. ಕೈಗೆ ಸಿಕ್ಕಿದ್ದನ್ನು ಬಾಚುವ ಹೊತ್ತು ಅದು. ಲೋಕನಾಥ್ ಅವರ ಪಾತ್ರ ಹೋಗುವುದು ಉಪ್ಪಿನಕಾಯಿ ಕಡೆಗೆ. ಅಷ್ಟೇ. ಇಡೀ ಚಿತ್ರದಲ್ಲಿ ಆ ಗಳಿಗೆ ಎಷ್ಟು ಹೊತ್ತು ಇರಬಹುದು ಹೇಳಿ? ಚಹಾ ಆರುವಷ್ಟೂ ಇಲ್ಲ. ಐವತ್ತು ವರ್ಷ ಆದರೂ ಮರೆತಿಲ್ಲ ನಾವು.

ಯಾಕೆ ಮರೆತಿಲ್ಲ? ಇಲ್ಲಿ ನಾನು ಒಂದು ಸಣ್ಣ ಪ್ರಯೋಗ ಮಾಡಿದೆ. ಬರಹದಲ್ಲಿ ಓದುವವರಿಗಾಗಿ ವಿವರಿಸುತ್ತೇನೆ. ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗನನ್ನು ಕರೆದೆ. ಚೆನ್ನಾಗಿ ನಟಿಸುವ ಹುಡುಗ, ಈ ವರ್ಷದ ನಾಟಕದಲ್ಲಿ ಮುಖ್ಯ ಪಾತ್ರ ಮಾಡಿದ್ದ. ಕೈಗೆ ನೀರು ಕುಡಿಯುವ ಸ್ಟೀಲ್ ಚೊಂಬು ಕೊಟ್ಟೆ. 'ಇದು ಜಾಡಿ. ಒಳಗೆ ಮಾವಿನ ಮಿಡಿ ಉಪ್ಪಿನಕಾಯಿ ಇದೆ. ತಿನ್ನಪ್ಪ' ಅಂದೆ.

ಅವನು ಕೈ ಹಾಕಿದ, ಮಿಡಿ ತೆಗೆದ, ಬಾಯಿಗಿಟ್ಟ. ಇಟ್ಟ ಕೂಡಲೇ ಒಂದು ಕಣ್ಣು ಮುಚ್ಚಿ, ಮುಖ ಹಿಂಡಿ, ನಾಲಿಗೆಯಲ್ಲಿ ಟಕ್ ಅಂತ ಸದ್ದು ಮಾಡಿದ. ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು.

'ಚೆನ್ನಾಗಿದೆ. ಆದರೆ ನೀನು ಹುಳಿ ತೋರಿಸಿದೆ' ಅಂದೆ. 'ಉಪ್ಪಿನಕಾಯಿ ಹುಳಿ ಅಂತ ನಮಗೆ ಮೊದಲೇ ಗೊತ್ತಲ್ವಾ? ಈಗ ಕೇಳು. ಆ ಮನೆಯ ಜಾಡಿ ನಿನಗೆ ಯಾವತ್ತೂ ಸಿಕ್ಕಿಲ್ಲ. ವಾಸನೆ ಮಾತ್ರ ಕುಡಿದಿದ್ದೀಯ. ಹೊರಗೆ ಜನ ಕೂಗಾಡುತ್ತಿದ್ದಾರೆ. ಯಾವ ಗಳಿಗೆಯಲ್ಲಾದರೂ ಯಾರಾದರೂ ಬಂದು ಕಿತ್ತುಕೊಳ್ಳಬಹುದು. ಈಗ ತಿನ್ನು.'

ಎರಡನೇ ಸಲ ಅವನು ಚೊಂಬಿಗೆ ತಕ್ಷಣ ಕೈ ಹಾಕಲಿಲ್ಲ. ಮೊದಲು ಎಡಗೈಯಲ್ಲಿ ಅದನ್ನು ಹೊಟ್ಟೆಗೆ ಒತ್ತಿ ಹಿಡಿದ. ಒಂದು ಸಲ ಬಾಗಿಲ ಕಡೆ ನೋಡಿದ. ಆಮೇಲೆ ಬೆರಳು ಇಳಿಸಿದ. ಮಿಡಿ ಸಿಗುವ ಮೊದಲೇ, ಅಂಚಿಗೆ ಮೆತ್ತಿದ್ದ ಖಾರವನ್ನು ಹೆಬ್ಬೆರಳಲ್ಲಿ ಸವರಿ ನೆಕ್ಕಿದ. ಮುಖ ಹಿಂಡಲೇ ಇಲ್ಲ. ಈ ಸಲ ನಗು ತಡವಾಗಿ ಬಂತು, ಜೋರಾಗಿ ಬಂತು. ಆ ಖಾರ ನೆಕ್ಕುವುದನ್ನು ನಾನು ಹೇಳಿಕೊಟ್ಟಿರಲಿಲ್ಲ, ಗಮನಿಸಿ. 'ಬೇಕು' ಅನ್ನುವುದು ಒಳಗೆ ಕೂತ ಮೇಲೆ ಕೈ ತಾನೇ ಕೆಲಸ ಕಂಡುಕೊಂಡಿತು.

ಲೋಕನಾಥ್ ಅವರ ದೃಶ್ಯದಲ್ಲಿ ಕೆಲಸ ಮಾಡುವುದು ಈ ಆಸೆ. ರುಚಿಯ ಮಾತು ಆಮೇಲಿನದು. ಸಾಹುಕಾರನ ಮನೆಯಲ್ಲಿ ಬಡವನಿಗೆ ಬೇಕಾದದ್ದು ಎಷ್ಟು ಸಣ್ಣದು ಅನ್ನುವುದು ಅಲ್ಲಿ ನಗುವಿನ ಜೊತೆಯಲ್ಲೇ ಬರುತ್ತದೆ. ಜಿಪುಣನ ಮನೆಯ ಮೇಲಿನ ಊರಿನ ಸಿಟ್ಟನ್ನು ಭಾಷಣದಲ್ಲಿ ಹೇಳಬಹುದಿತ್ತು. ಬೆರಳು ನೆಕ್ಕಿ ಹೇಳಿದರು. ಹಾಸ್ಯ ದೃಶ್ಯ ಅಂತ ಕತ್ತರಿಸಿ ಫೋನಿನಲ್ಲಿ ಕಳಿಸುತ್ತೀರಲ್ಲ, ಒಂದು ಸಲ ಇಡೀ ಚಿತ್ರದ ನಡುವೆ ಇಟ್ಟು ನೋಡಿ. ಬೇರೆಯೇ ಕಾಣುತ್ತದೆ.

ಕಸುಬಿನ ಕಷ್ಟವನ್ನೂ ಹೇಳಬೇಕು. ತಿನ್ನುವ ದೃಶ್ಯ ಅಂದರೆ ನಟರಿಗೆ ತಲೆನೋವು. ಟೇಕ್ ಓಕೆ ಆಗದಿದ್ದರೆ ಮತ್ತೆ ಮೊದಲಿಂದ ತಿನ್ನಬೇಕು. ದೂರದ ಶಾಟ್‌ನಲ್ಲಿ ಯಾವ ಕೈಯಲ್ಲಿ ತಿಂದಿರಿ, ಎಷ್ಟನೇ ಮಾತಿಗೆ ಬಾಯಿಗಿಟ್ಟಿರಿ ಅಂತ ನೆನಪಿಟ್ಟುಕೊಂಡು ಕ್ಲೋಸಪ್‌ನಲ್ಲಿ ಅದನ್ನೇ ಮಾಡಬೇಕು. ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಸಿಕ್ಕಿಬೀಳುತ್ತೀರಿ. ಆಗೆಲ್ಲ ಫಿಲಂ ಕಾಲ. 400 ಅಡಿಯ ರೀಲು ಓಡುವುದು ಹತ್ತಿರ ಹತ್ತಿರ ನಾಲ್ಕೂವರೆ ನಿಮಿಷ. ಕಚ್ಚಾ ಫಿಲಂ ದುಬಾರಿ. ಹೀರೋ ಮೂರು ಸಲ ರಿಟೇಕ್ ತಗೊಂಡರೆ ಯಾರೂ ಮಾತಾಡುವುದಿಲ್ಲ. ಪೋಷಕ ನಟ ಎರಡನೇದಕ್ಕೆ ಹೋದರೆ ಮ್ಯಾನೇಜರ್ ಗಡಿಯಾರ ನೋಡುತ್ತಾನೆ. ಹೀಗಾಗಿ ಈ ನಟರಿಗೆ ಒಂದೇ ಸಲಕ್ಕೆ ಸರಿಯಾಗಿ ಮಾಡುವ ಅಭ್ಯಾಸ ಬೇಕಾಗಿತ್ತು. ಆ ಅಭ್ಯಾಸ ಎಲ್ಲಿ ಸಿಗುತ್ತದೆ? ರಂಗದ ಮೇಲೆ. ಅಲ್ಲಿ ರಿಟೇಕ್ ಇಲ್ಲವಲ್ಲ.

ಲೋಕನಾಥ್ ಬೆಂಗಳೂರಿನ ಹವ್ಯಾಸಿ ರಂಗಭೂಮಿಯಿಂದ ಬಂದವರು. ಸಿನಿಮಾಕ್ಕೆ ಬರುವ ಹೊತ್ತಿಗೆ ನಲವತ್ತು ದಾಟಿತ್ತು. ಇದು ನನಗೆ ಬಹಳ ಮುಖ್ಯ ಅನಿಸುತ್ತದೆ. ಇಪ್ಪತ್ತಕ್ಕೆ ಬಂದವರಿಗೆ ಹೀರೋ ಆಗುವ ಆಸೆ ಇರುತ್ತದೆ. ಆಗದಿದ್ದರೆ ಆ ಕಹಿ ಮುಖದಲ್ಲಿ ಉಳಿದುಬಿಡುತ್ತದೆ. ತೆರೆಯ ಮೇಲೆ ಅದು ಕಾಣುತ್ತದೆ, ನಾನು ಹೆಸರು ಹೇಳೋದಿಲ್ಲ. ನಲವತ್ತರ ಮೇಲೆ ಬಂದವರಿಗೆ ಆ ಗೊಂದಲವೇ ಇಲ್ಲ. ಅವರು ಅಪ್ಪನಾಗಲಿಕ್ಕೆ, ಮಾವನಾಗಲಿಕ್ಕೆ, ಮೇಷ್ಟ್ರಾಗಲಿಕ್ಕೆ, ಪುರೋಹಿತನಾಗಲಿಕ್ಕೆ ರೆಡಿ.

ಬಂದದ್ದು ಎಲ್ಲಿಗೆ? ಶೃಂಗೇರಿ ಹತ್ತಿರದ ವೈಕುಂಠಪುರಕ್ಕೆ. 'ಸಂಸ್ಕಾರ' ಚಿತ್ರೀಕರಣ ಆದದ್ದು ಅಲ್ಲೇ. ಅನಂತಮೂರ್ತಿ ಅವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿ ಅವರ ನಿರ್ದೇಶನ. ಪ್ರಾಣೇಶಾಚಾರ್ಯರಾಗಿ ಗಿರೀಶ್ ಕಾರ್ನಾಡ್, ನಾರಣಪ್ಪನಾಗಿ ಲಂಕೇಶ್, ಅವನ ಜೊತೆ ಬಾಳುವ ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಕ್ಯಾಮೆರಾ ಹಿಡಿದವರು ಟಾಮ್ ಕೋವನ್ ಅಂತ ಆಸ್ಟ್ರೇಲಿಯಾದವರು. ಸೆನ್ಸಾರ್‌ನವರು ಮೊದಲು ತಡೆದರು. ಆಮೇಲೆ ಅದೇ ಚಿತ್ರಕ್ಕೆ 1970ರ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ, ಸ್ವರ್ಣಕಮಲ. ಕನ್ನಡಕ್ಕೆ ಅದು ಮೊದಲನೆಯದು.

ಆ ಅಗ್ರಹಾರದ ಜನರ ನಡುವೆ ಲೋಕನಾಥ್ ಒಬ್ಬರು. ಮತ್ತೆ ನೋಡುವಾಗ ಗುಂಪಿನ ದೃಶ್ಯಗಳನ್ನು ಗಮನಿಸಿ. ನಾರಣಪ್ಪನ ಹೆಣ ಒಳಗಿದೆ, ಸಂಸ್ಕಾರ ಮಾಡುವವರು ಯಾರೂ ಇಲ್ಲ, ಮಾಡುವ ತನಕ ಊಟ ಇಲ್ಲ. ಬ್ರಾಹ್ಮಣರೆಲ್ಲ ಆಚಾರ್ಯರ ಮುಖ ನೋಡುತ್ತಾ ಕೂತಿದ್ದಾರೆ. ಇಂಥ ಕಡೆ ಕೆಟ್ಟ ನಟ ಏನು ಮಾಡುತ್ತಾನೆ? ತನ್ನ ಕಡೆ ಕ್ಯಾಮೆರಾ ತಿರುಗಲಿ ಅಂತ ಶಲ್ಯ ಸರಿಮಾಡುತ್ತಾನೆ, ಕೆಮ್ಮುತ್ತಾನೆ, ಹುಬ್ಬು ಹಾರಿಸುತ್ತಾನೆ. ನಮ್ಮ ನಾಟಕಗಳಲ್ಲೂ ಇದ್ದೀರಿ ಅಂಥವರು, ನಗಬೇಡಿ. 'ಸಂಸ್ಕಾರ'ದಲ್ಲಿ ಹಾಗೆ ಯಾರೂ ಮಾಡುವುದಿಲ್ಲ. ಗುಂಪು ಗುಂಪಾಗಿಯೇ ಇರುತ್ತದೆ. ಆ ಗುಂಪಿನ ಹಸಿವು, ಹೆದರಿಕೆ, ಚಂದ್ರಿಯ ಒಡವೆಯ ಮೇಲಿನ ಕಣ್ಣು, ಎಲ್ಲ ಒಟ್ಟಿಗೆ ಕಾಣುತ್ತದೆ. ಒಬ್ಬ ನಟನ ಸಿನಿಮಾ ಬದುಕು ಹೀಗೆ ಗುಂಪಿನಲ್ಲಿ ಕೂರುವುದರಿಂದ ಶುರುವಾಯಿತು ಅನ್ನುವುದು ಒಳ್ಳೆಯ ಪಾಠ. ವೈಕುಂಠಪುರದಲ್ಲಿ ಗುಂಪಿನೊಳಗೆ ಕರಗಿದ ಅದೇ ಮನುಷ್ಯ ಕಳಸಾಪುರದಲ್ಲಿ ಗುಂಪಿನಿಂದ ಪಕ್ಕಕ್ಕೆ ಸರಿದು ಜಾಡಿ ಹಿಡಿದರು. ನಡುವೆ ಇದ್ದದ್ದು ನಾಲ್ಕೈದು ವರ್ಷ, ನಮ್ಮ ಜಿಲ್ಲೆಯ ಎರಡು ಮೂಲೆ.

ಆ ನಡುವೆ ಇನ್ನೊಂದು ಬಂತು. 1972ರ 'ನಾಗರಹಾವು'. ತ.ರಾ.ಸು. ಕಾದಂಬರಿ, ಪುಟ್ಟಣ್ಣ ಕಣಗಾಲ್, ಚಿತ್ರದುರ್ಗದ ಕೋಟೆ. ಎಲ್ಲರೂ ರಾಮಾಚಾರಿ ಅಂತೀರಿ. ಚಾಮಯ್ಯ ಮೇಷ್ಟ್ರು ಅಂತೀರಿ. ಮಾರ್ಗರೆಟ್, ಅಲಮೇಲು, ಜಲೀಲ, ತುಂಗಮ್ಮ ಎಲ್ಲ ನೆನಪಿದೆ. ಪ್ರಿನ್ಸಿಪಾಲ್ ಶಾಮರಾಯರು? ನೋಡಿದಿರಾ, ಈಗ ತಲೆ ಕೆರೆದುಕೊಂಡಿರಿ. ಅದು ಲೋಕನಾಥ್.

ಕಾಪಿ ಹೊಡೆದು ಸಿಕ್ಕಿಬಿದ್ದ ರಾಮಾಚಾರಿಯನ್ನು ಪ್ರಿನ್ಸಿಪಾಲ್ ಸಸ್ಪೆಂಡ್ ಮಾಡುತ್ತಾರೆ. ರಾತ್ರಿ ಅವನು ಅವರ ಮನೆಗೆ ಕಲ್ಲು ಹೊಡೆಯುತ್ತಾನೆ. ಹೊರಗೆ ಬಂದವರನ್ನು ಅರೆಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿ ಓಡುತ್ತಾನೆ. ಹೊಸ ಹೀರೋ ವಿಷ್ಣುವರ್ಧನ್ ಅವರ ಆವೇಶ ನಮಗೆ ಅರ್ಥವಾಗುವುದು ಇಲ್ಲಿಂದ. ಆದರೆ ದೃಶ್ಯದ ಭಾರ ಹೊತ್ತವರು ಯಾರು? ಕಂಬಕ್ಕೆ ಕಟ್ಟಿಸಿಕೊಂಡವರು.

ಆ ಪಾತ್ರವನ್ನು ಎರಡು ರೀತಿ ಕೆಡಿಸಬಹುದಿತ್ತು. ಕ್ರೂರಿ ಪ್ರಿನ್ಸಿಪಾಲ್ ಮಾಡಿಬಿಟ್ಟರೆ ರಾಮಾಚಾರಿ ಮಾಡಿದ್ದು ಸರಿ ಅನಿಸುತ್ತದೆ, ನಾವು ಶಿಳ್ಳೆ ಹೊಡೆದು ಸುಮ್ಮನಾಗುತ್ತೇವೆ. ಕೋಡಂಗಿ ಮಾಡಿಬಿಟ್ಟರೆ ಬರೀ ತಮಾಷೆ. ಲೋಕನಾಥ್ ಅವರ ಶಾಮರಾಯರು ಎರಡೂ ಅಲ್ಲ. ನಿಯಮ ನಂಬಿದ ಒಬ್ಬ ಮಾಮೂಲಿ ಮನುಷ್ಯ. ಅಂಥವರು ನಮಗೆಲ್ಲ ಶಾಲೆಯಲ್ಲಿ ಸಿಕ್ಕಿದ್ದಾರೆ. ಹಾಗಾಗಿ ಅವರಿಗೆ ಆದ ಅವಮಾನ ನೋಡಿ ನಗುತ್ತಾ ನಗುತ್ತಾ ಒಳಗೆ ಚುಚ್ಚುತ್ತದೆ. ರಾಮಾಚಾರಿಯ ಸಿಟ್ಟಿನಲ್ಲಿ ನ್ಯಾಯವೂ ಇದೆ, ಹುಚ್ಚೂ ಇದೆ ಅಂತ ಚಿತ್ರದ ಆರಂಭದಲ್ಲೇ ಗೊತ್ತಾಗುವುದು ಇದರಿಂದ. ಇನ್ನೊಂದು. ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವತ್ಥ್ ಅವರ ಆ ಅಂತಃಕರಣ ಅಷ್ಟು ಬೆಚ್ಚಗೆ ಕಾಣಬೇಕಾದರೆ ಇನ್ನೊಬ್ಬ ಮೇಷ್ಟ್ರು ಒಣಗಿದವರಾಗಿ ಇರಲೇಬೇಕು. ಒಬ್ಬರ ಹೊಗಳಿಕೆಗೆ ಇನ್ನೊಬ್ಬರು ಸೌದೆ ಹಾಕಿದ್ದಾರೆ. ಪೋಷಕ ನಟರ ಕೆಲಸದಲ್ಲಿ ಅರ್ಧ ಭಾಗ ಇಂಥದ್ದು. ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಾಲ್ಕನೆಯದು ನನ್ನ ಮೆಚ್ಚಿನದು. ಪಕ್ಷಪಾತ ಅಂದರೂ ಪರವಾಗಿಲ್ಲ.

1980ರಲ್ಲಿ ಬಂದ 'ಮಿಂಚಿನ ಓಟ'. ಶಂಕರ್ ನಾಗ್ ನಿರ್ದೇಶಿಸಿದ ಮೊದಲ ಚಿತ್ರ. ಮೂವರು ಕಳ್ಳರು, ಕಾರು ಕದಿಯುವವರು. ಕಟ್ಟೆಯಾಗಿ ಶಂಕರ್ ನಾಗ್, ಟೋನಿಯಾಗಿ ಅನಂತ್ ನಾಗ್, ತಾತನಾಗಿ ಲೋಕನಾಥ್. ತಾತ ಅಂತಲೇ ಹೆಸರು. ಇಬ್ಬರು ಹುಡುಗರ ಜೊತೆ ಓಡಬೇಕು, ಜೈಲಿಗೆ ಹೋಗಬೇಕು, ಜೈಲಿನಿಂದ ತಪ್ಪಿಸಿಕೊಳ್ಳಬೇಕು. ಶಂಕರ್ ನಾಗ್‌ಗೆ ಆಗ ಇಪ್ಪತ್ತೈದರ ಆಸುಪಾಸು. ಲೋಕನಾಥ್ ಐವತ್ತು ದಾಟಿದವರು. ಮಗನ ವಯಸ್ಸಿನ ಹುಡುಗ ಮೊದಲ ಸಲ ನಿರ್ದೇಶನ ಮಾಡುತ್ತಿದ್ದಾನೆ, ಅವನ ಮಾತು ಕೇಳಿ ಓಡಬೇಕು. ನಮ್ಮ ಊರಿನ ಹಿರಿಯ ನಟರಿಗೆ ಯಾರಾದರೂ ಹುಡುಗರು 'ಸಾರ್, ಇಲ್ಲಿಂದ ಎಂಟ್ರಿ ತಗೊಳ್ಳಿ' ಅಂದರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು.

ಈ ತಾತ ಯಾಕೆ ದೊಡ್ಡ ಪಾತ್ರ ಅಂದರೆ, ಅವನಿಂದ ಚಿತ್ರಕ್ಕೆ ಒಂದು ವಯಸ್ಸು ಬರುತ್ತದೆ. ಹುಡುಗರಿಗೆ ಕಳ್ಳತನ ಆಟ. ತಪ್ಪಿಸಿಕೊಳ್ಳುವುದು ಸಾಹಸ. ಅದೇ ಕೆಲಸವನ್ನು ನರೆತ ಮನುಷ್ಯ ಮಾಡುತ್ತಿದ್ದಾನೆ ಅಂದಾಗ ನಮಗೆ ಹುಡುಗರ ಮುಂದಿನ ದಿನಗಳು ಕಾಣುತ್ತವೆ. 'ನೀವೂ ಹೀಗೇ ಆಗ್ತೀರಿ' ಅಂತ ತಾತ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಫ್ರೇಮಿನಲ್ಲಿ ನಿಂತರೆ ಸಾಕು. ಉಪ್ಪಿನಕಾಯಿಯಲ್ಲಿ ಆಸೆ ಇತ್ತು. ಪ್ರಿನ್ಸಿಪಾಲರಲ್ಲಿ ನಿಯಮ ಇತ್ತು. ಇಲ್ಲಿ ಬಿಡುಗಡೆಯ ಹಂಬಲ. ಮುಖ ಅದೇ, ಸಣಕಲು ಮೈ ಅದೇ.

ಬಹುಮುಖ ನಟ ಅಂದರೆ ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಇದೆ. ಒಂದು ಚಿತ್ರದಲ್ಲಿ ಕುಂಟ, ಇನ್ನೊಂದರಲ್ಲಿ ಕುರುಡ, ಮತ್ತೊಂದರಲ್ಲಿ ಹೆಣ್ಣು ವೇಷ ಮಾಡಿದರೆ ಬಹುಮುಖ ಅಂದುಬಿಡುತ್ತೇವೆ. ವೇಷ ಬದಲಾದರೆ ಪಾತ್ರ ಬದಲಾದಂತೆ. ಲೋಕನಾಥ್ ಅವರನ್ನು ನೋಡಿದ ಮೇಲೆ ನನಗೆ ಅನಿಸುವುದು ಬೇರೆ. ಪ್ರತಿ ದೃಶ್ಯದಲ್ಲೂ ಈ ಮನುಷ್ಯನಿಗೆ ಏನು ಬೇಕು, ಮತ್ತು ಈ ದೃಶ್ಯಕ್ಕೆ ನನ್ನಿಂದ ಎಷ್ಟು ಬೇಕು, ಈ ಎರಡು ಲೆಕ್ಕ ಅವರಿಗೆ ಸರಿಯಾಗಿ ಬರುತ್ತಿತ್ತು. ಎರಡನೆಯ ಲೆಕ್ಕ ಇನ್ನೂ ಕಷ್ಟ. 'ಸಂಸ್ಕಾರ'ದಲ್ಲಿ ಬಹಳ ಕಡಿಮೆ ಕೊಟ್ಟರು, ಕಳಸಾಪುರದಲ್ಲಿ ಧಾರಾಳವಾಗಿ ಕೊಟ್ಟರು. ಅದಲುಬದಲಾಗಿದ್ದರೆ ಎರಡೂ ಚಿತ್ರ ಕೆಡುತ್ತಿತ್ತು.

ಈಗ ಸ್ವಲ್ಪ ಸಿಟ್ಟಿನ ಮಾತು. ಆರುನೂರಕ್ಕೂ ಹೆಚ್ಚು ಚಿತ್ರ ಅಂತ ಹೆಮ್ಮೆಯಿಂದ ಹೇಳುತ್ತೇವೆ. ನನಗೆ ಆ ಸಂಖ್ಯೆ ಕೇಳಿದರೆ ಪೂರ್ತಿ ಖುಷಿ ಆಗುವುದಿಲ್ಲ. ಅಷ್ಟು ಚಿತ್ರ ಮಾಡಿದ ನಟನಿಗೆ ನಾಲ್ಕೋ ಐದೋ ನೆನಪಿಡುವ ಪಾತ್ರ ಸಿಕ್ಕವು ಅಂದರೆ, ಉಳಿದವುಗಳಲ್ಲಿ ನಾವು ಅವರನ್ನು ಏನು ಮಾಡಿದೆವು? ಮದುವೆ ಮನೆಯಲ್ಲಿ ಅಕ್ಷತೆ ಹಿಡಿದು ನಿಲ್ಲಿಸಿದೆವು. ಆಸ್ಪತ್ರೆಯ ಬಾಗಿಲಲ್ಲಿ 'ಎಲ್ಲಾ ದೇವರ ಇಚ್ಛೆ' ಅನ್ನಿಸಿದೆವು. ನ್ಯಾಯಾಧೀಶರ ಕುರ್ಚಿಯಲ್ಲಿ ಕೂರಿಸಿ ಸುತ್ತಿಗೆ ಕುಟ್ಟಿಸಿದೆವು. ಪೋಷಕ ನಟರ ಕಾಲ್‌ಶೀಟ್ ನಡೆಯುವುದೇ ಹೀಗೆ. ಬೆಳಿಗ್ಗೆ ಒಂದು ಸೆಟ್, ಮಧ್ಯಾಹ್ನ ಇನ್ನೊಂದು. ಅಲ್ಲಿ ಅಪ್ಪ, ಇಲ್ಲಿ ಮಾವ. ದಿನಕ್ಕಿಷ್ಟು ಅಂತ ಪೇಮೆಂಟ್. ಚಿತ್ರ ನೂರು ದಿನ ಓಡಿದರೂ ಅಷ್ಟೇ, ಮೂರು ದಿನಕ್ಕೆ ಎತ್ತಂಗಡಿ ಆದರೂ ಅಷ್ಟೇ. ಕಥೆ ಏನು ಅಂತ ಪೂರ್ತಿ ಹೇಳುವವರೂ ಇಲ್ಲ. 'ಅಂಕಲ್, ನೀವು ಹುಡುಗಿ ತಂದೆ, ಬಂದುಬಿಡಿ' ಅಷ್ಟೇ.

ಒಂದು ಪಾತ್ರ ಗೆದ್ದರೆ ಅದೇ ಪಾತ್ರಕ್ಕೆ ಮತ್ತೆ ಮತ್ತೆ ಕರೆಯುವುದು ನಮ್ಮ ಚಿತ್ರರಂಗದ ಹಳೆ ಚಾಳಿ. ಪ್ರೇಕ್ಷಕರಾದ ನಮ್ಮ ಪಾಲೂ ಇದೆ ಅದರಲ್ಲಿ. ಅವರು ಎದುರು ಸಿಕ್ಕರೆ ನಾವು ಕೇಳುತ್ತಿದ್ದದ್ದು ಏನು? 'ಸಾರ್, ಉಪ್ಪಿನಕಾಯಿ!' ಪಾಪ, ತೊಂಬತ್ತರ ವಯಸ್ಸಿನ ತನಕ.

ಟಿವಿ ವಿಷಯಕ್ಕೆ ಬರೋಣ. ಇಲ್ಲಿರುವ ಅರ್ಧ ಜನ ಬೆಂಗಳೂರಿಗೆ ಧಾರಾವಾಹಿ ಆಡಿಷನ್‌ಗೆ ಹೋಗುವ ಲೆಕ್ಕದಲ್ಲಿದ್ದೀರಿ, ನನಗೆ ಗೊತ್ತು.

ಪೋಷಕ ನಟರಿಗೆ ಟಿವಿ ಬಂದದ್ದು ನಿಜಕ್ಕೂ ಒಳ್ಳೆಯದಾಯಿತು. ಶೃಂಗೇರಿಯಿಂದ ಆಚೆ ದಾಟಿದರೆ ಆಗುಂಬೆ. ಅಲ್ಲಿ ಎಂಬತ್ತರ ದಶಕದ ನಡುವೆ ಅದೇ ಶಂಕರ್ ನಾಗ್ 'ಮಾಲ್ಗುಡಿ ಡೇಸ್' ತೆಗೆದರು. ಆರ್.ಕೆ. ನಾರಾಯಣ್ ಅವರ ಕಥೆಗಳು, ದೂರದರ್ಶನದಲ್ಲಿ ಇಡೀ ದೇಶಕ್ಕೆ. ವೈಕುಂಠಪುರದಲ್ಲಿ ಪ್ರಾಣೇಶಾಚಾರ್ಯರಾಗಿದ್ದ ಕಾರ್ನಾಡ್ ಇಲ್ಲಿ ಸ್ವಾಮಿಯ ಅಪ್ಪ. ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಆ ಅಪ್ಪ ಅಮ್ಮ ಯಾರೂ ಜೋರಾಗಿ ಮಾತಾಡುವುದಿಲ್ಲ, ಗಮನಿಸಿದ್ದೀರಾ? ಸಿನಿಮಾದ ಅಪ್ಪ ಬಾಗಿಲಲ್ಲಿ ನಿಂತು ಗುಡುಗುತ್ತಿದ್ದ ಕಾಲ ಅದು. ಇಲ್ಲಿ ಕಾರ್ನಾಡ್ ಪೇಪರಿನಿಂದ ಕಣ್ಣು ಎತ್ತಿದರೆ ಸಾಕು, ಸ್ವಾಮಿ ಪುಸ್ತಕ ಹುಡುಕುತ್ತಾನೆ. ಟಿವಿ ಪೆಟ್ಟಿಗೆ ಚಿಕ್ಕದು, ಮನೆಯ ಹಜಾರದಲ್ಲೇ ಇರುತ್ತದೆ. ಮುಖ ಹತ್ತಿರ. ಕೂಗಿದರೆ ನೋಡುವವರಿಗೆ ಕಿರಿಕಿರಿ. ಈ ಅಳತೆ ಮೊದಲು ಹಿಡಿದವರು ಪೋಷಕ ನಟರೇ, ಯಾಕೆಂದರೆ ಅಳತೆ ಅವರ ಕಸುಬು.

ತಡವಾಗಿ ಬಂದವರ ಸಾಲಿಗೆ ಇನ್ನೊಬ್ಬರನ್ನು ಸೇರಿಸಬೇಕು. ನಮ್ಮ ದತ್ತಣ್ಣ, ಎಚ್.ಜಿ. ದತ್ತಾತ್ರೇಯ. ಚಿತ್ರದುರ್ಗದವರು. ವಾಯುಸೇನೆಯಲ್ಲಿ ಬಹಳ ವರ್ಷ ಅಧಿಕಾರಿಯಾಗಿದ್ದು ಆಮೇಲೆ ತೆರೆಗೆ ಬಂದರು. ಅಣ್ಣ ಎಚ್.ಜಿ. ಸೋಮಶೇಖರ ರಾವ್ ಕೂಡ ನಟರಾಗಿದ್ದರು. 'ಭಾರತ್ ಸ್ಟೋರ್ಸ್' ನೋಡಿ. ಪಿ. ಶೇಷಾದ್ರಿ ಅವರ ಚಿತ್ರ. ದಿನಸಿ ಅಂಗಡಿಯ ಶೆಟ್ಟರ ಪಾತ್ರ, ಮಾಲ್‌ಗಳು ಬಂದು ವ್ಯಾಪಾರ ಕುಸಿಯುತ್ತದೆ. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿಯಲ್ಲಿ ವಿಶೇಷ ಉಲ್ಲೇಖ ಸಿಕ್ಕಿತು. ನಮ್ಮ ಎಂ.ಜಿ. ರೋಡಿನಲ್ಲಿ ಅಂಥ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರನ್ನು ಒಂದು ಹೊತ್ತು ನೋಡಿ ಬನ್ನಿ. ಗಿರಾಕಿ ಬಂದರೆ ಕೈ ತಾನಾಗಿ ತಕ್ಕಡಿ ಕಡೆ ಹೋಗುತ್ತದೆ. ಗಿರಾಕಿ ಇಲ್ಲದಾಗ ಅದೇ ಕೈ ಏನು ಮಾಡುತ್ತದೆ? ಒಳ್ಳೆಯ ನಟ ಆ ಎರಡನೆಯ ಕೈಯನ್ನು ನೋಡಿ ಬಂದಿರುತ್ತಾನೆ.

ಆದರೆ ಈಗಿನ ದಿನನಿತ್ಯದ ಧಾರಾವಾಹಿ ಬೇರೆ ಲೋಕ. ಒಂದು ಕಂತಿಗೆ ಇಪ್ಪತ್ತು ಇಪ್ಪತ್ತೆರಡು ನಿಮಿಷ ತುಂಬಬೇಕು, ವಾರಕ್ಕೆ ಐದಾರು ಕಂತು ಹೋಗಬೇಕು. ಸ್ಕ್ರಿಪ್ಟ್ ಬರುವುದು ಬೆಳಿಗ್ಗೆ, ಕೆಲವು ಸಲ ಮೇಕಪ್ ಆದ ಮೇಲೆ. ಮಾತು ಬಾಯಿಪಾಠ ಮಾಡಲು ಸಮಯ ಇಲ್ಲ, ಕ್ಯಾಮೆರಾ ಪಕ್ಕದಿಂದ ಪ್ರಾಂಪ್ಟಿಂಗ್ ಕೊಡುತ್ತಾರೆ. ಅದನ್ನು ಕಿವಿಯಲ್ಲಿ ಕೇಳುತ್ತಾ, ಎದುರಿನವರ ಕಣ್ಣು ನೋಡುತ್ತಾ, ಕೇಳಿಸಿಕೊಂಡದ್ದು ಮುಖದಲ್ಲಿ ಕಾಣದ ಹಾಗೆ ಹೇಳಬೇಕು. ಟಿಆರ್‌ಪಿ ಇಳಿದರೆ ಕಥೆಯ ಟ್ರ್ಯಾಕ್ ಬದಲಾಗುತ್ತದೆ. ನಿನ್ನೆ ತನಕ ಒಳ್ಳೆಯ ಅತ್ತೆ, ಇವತ್ತಿಂದ ವಿಷ ಹಾಕುವವಳು. ಪಾತ್ರಕ್ಕೆ ಏನು ಬೇಕು ಅಂತ ಕೇಳಿದರೆ ಬರೆಯುವವರಿಗೇ ಗೊತ್ತಿರುವುದಿಲ್ಲ, ಅವರ ತಪ್ಪೂ ಅಲ್ಲ ಅದು. ಇಂಥ ಕಡೆ ಪಾತ್ರ ಉಳಿಸಿಕೊಳ್ಳುವುದು ಲೋಕನಾಥ್ ಅವರ ಕಾಲಕ್ಕಿಂತ ಕಷ್ಟವೋ ಸುಲಭವೋ ಅಂತ ನೀವೇ ಹೋಗಿ ನೋಡಿ ಹೇಳಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ಹಿರಿಯರು ಕೇಳಿದರು. 'ಆ ಒಂದು ದೃಶ್ಯ ಇಲ್ಲದಿದ್ದರೆ ಇವತ್ತು ನೀವು ಅವರ ಬಗ್ಗೆ ಮಾತಾಡುತ್ತಿದ್ದಿರಾ? ಉಪ್ಪಿನಕಾಯಿ ಅವರ ಹೆಸರನ್ನು ಉಳಿಸಿತು ಅಲ್ವಾ, ಅದನ್ನೇ ಬೈತೀರಲ್ಲ.' ಸರಿಯಾದ ಪ್ರಶ್ನೆ. ಉಳಿಸಿದ್ದು ನಿಜ ಸಾರ್, ಅಂದೆ. 'ಸಂಸ್ಕಾರ'ದ ಅಗ್ರಹಾರದಲ್ಲಿ ಕೂತಿದ್ದ ಎಷ್ಟೋ ಒಳ್ಳೆಯ ನಟರ ಹೆಸರು ಇವತ್ತು ಸಿನಿಮಾ ಪ್ರೀತಿಸುವವರಿಗೂ ಬರುವುದಿಲ್ಲ. ಇವರದ್ದು ಬಂತು. ನನ್ನ ತಕರಾರು ದೃಶ್ಯದ ಮೇಲೆ ಅಲ್ಲ, ಅಲ್ಲಿಗೇ ನಿಂತುಬಿಟ್ಟ ನಮ್ಮ ಮೇಲೆ. ಅವರು ಒಪ್ಪಿದ ಹಾಗೆ ಕಾಣಲಿಲ್ಲ. 'ಹಾಗಾದರೆ ಮಿಂಚಿನ ಓಟ ಒಂದು ದಿನ ಹಾಕಿ, ನೋಡೋಣ' ಅಂದರು. ಹಾಕೋಣ ಅಂದಿದ್ದೇವೆ. ಪ್ರೊಜೆಕ್ಟರ್ ಸಿಗಬೇಕು.

ಇನ್ನೊಂದು ಪ್ರಶ್ನೆ ಚೊಂಬು ಹಿಡಿದ ಹುಡುಗನದ್ದೇ. 'ಸಾರ್, ನಂಗೆ ಒಂದು ಧಾರಾವಾಹಿಯಲ್ಲಿ ಹೀರೋನ ಫ್ರೆಂಡ್ ಪಾತ್ರಕ್ಕೆ ಕರೆದಿದ್ದಾರೆ. ಮಾತು ಜಾಸ್ತಿ ಇಲ್ಲವಂತೆ. ಹೋಗಲಾ?'

ಹೋಗಪ್ಪ, ಅಂದೆ. ಪೇಮೆಂಟ್ ಎಷ್ಟು, ಯಾವಾಗ ಕೊಡುತ್ತಾರೆ ಅಂತ ಮೊದಲೇ ಕೇಳು. ಬರಹದಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು. ಹೀರೋ ಮಾತಾಡುವಾಗ ನಿನ್ನ ಮೇಲೆ ರಿಯಾಕ್ಷನ್ ಶಾಟ್ ಇಟ್ಟಿರುತ್ತಾರೆ, ಆಗ ನಿಜವಾಗಿಯೂ ಅವನ ಮಾತು ಕೇಳಿಸಿಕೋ. ಬಹಳ ಜನ ಅಲ್ಲಿ ತಮ್ಮ ಮುಂದಿನ ಡೈಲಾಗ್ ಎಣಿಸುತ್ತಿರುತ್ತಾರೆ, ಅದು ಕಣ್ಣಲ್ಲಿ ಕಾಣುತ್ತದೆ. ಅಂದಹಾಗೆ, ಭಾನುವಾರ ರಿಹರ್ಸಲ್ ಇದೆ, ಅದನ್ನು ತಪ್ಪಿಸಬೇಡ.